ಹೆರಿಗೆ ಕೋಣೆಯ ಬಲ್ಬು

೯ ಸೆಪ್ಟೆಂಬರ್ ೧೯೪೧, ಮಂಗಳವಾರ

ಇವತ್ತೂ ಲಾಟೀನಿನ ಗಾಜು ಕಪ್ಪು. ಬೂದಿ ಹಾಕಿ ಉಜ್ಜು ಎಂದರೆ ದೊಡ್ಡಮ್ಮ ಸೆರಗಿನಲ್ಲಿ ಒರೆಸಿ ಇಟ್ಟಿದ್ದಾಳೆ. ಆಯಾ ಕೆಲಸಕ್ಕೆ ಸೇರಿ ವರ್ಷಗಳಾದವು, ಇನ್ನೂ ದಿನಾ ಹೇಳಬೇಕು. ಹೇಳಿದರೆ, "ಕರೆಂಟ್ ಬತ್ತದಲ್ಲವ್ವ, ಇನ್ಯಾಕೆ ಇದ್ನ ಉಜ್ಜೋದು" ಎನ್ನುತ್ತಾಳೆ. ಕರೆಂಟ್ ಬರುತ್ತದೆ ಎಂದು ಯುಗಾದಿಯಿಂದ ಕೇಳುತ್ತಿದ್ದೇನೆ. ಕಂಬಗಳು ಹುಣಸೂರು ರಸ್ತೆಯ ಪಕ್ಕ ಮಲಗಿವೆ. ಕಟ್ಟೆಮಳಲವಾಡಿಯ ಅರ್ಧ ಊರು ಅವುಗಳ ಮೇಲೆ ಕುಳಿತು ಬೀಡಿ ಸೇದುತ್ತದೆ.

ಬೆಳಿಗ್ಗೆ ರಾಚಮ್ಮ ಬಂದಿದ್ದಳು, ಅತ್ತೆ ಸಾಕಮ್ಮನ ಜೊತೆ. ಕೆಳಗೇರಿಯವರು, ಕೂಲಿ ಮಾಡಿ ಬದುಕುವವರು. ರಾಚಮ್ಮನಿಗೆ ಏಳು ತಿಂಗಳು. ಇದು ಮೂರನೆಯದು. ಹಿಂದಿನ ಎರಡೂ ನಮ್ಮ ಈ ಹೆರಿಗೆ ಮನೆಯಲ್ಲೇ ಹುಟ್ಟಿ, ಬೆಳಗಾಗುವುದರೊಳಗೆ ಹೋದವು. ಎರಡನೆಯದರಲ್ಲಿ ತಾಯಿಯೂ ಹೋಗಬೇಕಿತ್ತು. ಮಗು ಇನ್ನೂ ಹೊರಗೆ ಬರುತ್ತಿದೆ, ಅಷ್ಟರಲ್ಲಿ ಎಣ್ಣೆ ಮುಗಿದು ಲಾಟೀನು ಆರಿತು. ಮಗುವನ್ನು ಕತ್ತಲೆಯಲ್ಲೇ ದೊಡ್ಡಮ್ಮನ ಕೈಗೆ ಕೊಟ್ಟೆ. ಆಮೇಲೆ ರಕ್ತ. ಎಲ್ಲಿಂದ ಬರುತ್ತಿದೆ ಎಂದು ಕಾಣಬೇಕಲ್ಲ! ಬಟ್ಟೆ ತುರುಕಿ, ಮುಷ್ಟಿ ಒತ್ತಿ ಕುಳಿತಿದ್ದೆ. ಅವಳು ಬದುಕಿದ್ದು ಅವಳ ಗಟ್ಟಿ ಜೀವದಿಂದ, ನನ್ನ ವಿದ್ಯೆಯಿಂದಲ್ಲ.

ಹುಣಸೂರಿನ ಡಾಕ್ಟರು ನೋಡಿದ್ದಾರೆ. ಹರಿದ ಜಾಗ ಹೇಗೋ ಕೂಡಿಕೊಂಡಿದೆ, ಈ ಸಲವೂ ಅಲ್ಲೇ ಬಿಡುತ್ತದೆ, ಕೂಡಲೇ ಹೊಲಿಗೆ ಹಾಕಬೇಕು, ಒಳ್ಳೆಯ ಬೆಳಕು ಇಟ್ಟುಕೊಳ್ಳಿ ಎಂದರು. ಹುಣಸೂರಿಗೇ ಹೋಗಿ ಎಂದರೆ ಸಾಕಮ್ಮ ಒಪ್ಪಳು. "ಗಾಡೀಲಿ ಕುಲುಕಿಸ್ಕೊಂಡು ಅಷ್ಟು ದೂರ ಬ್ಯಾಡ ಬುಡಿ ನರ್ಸಮ್ಮ. ಇಲ್ಲೇ ಕರೆಂಟ್ ಬತ್ತದಲ್ಲ."

ಎಲ್ಲರ ಬಾಯಲ್ಲೂ ಕರೆಂಟು. ಸಾಕಾಗಿದೆ.

೧೭ ಸೆಪ್ಟೆಂಬರ್

ಕಂಬ ನಿಂತವು! ಊರಿಗೆ ಮೂರೇ ದೀಪ ಮಂಜೂರು. ಒಂದು ಚಾವಡಿ ಮುಂದಿನ ಕಂಬಕ್ಕೆ, ಒಂದು ಪಟೇಲ ಷಣ್ಮುಖಪ್ಪನವರ ಜಗಲಿಗೆ, ಒಂದು ನಮಗೆ. ಮೊದಲು ಯಾರ ಮನೆಗೆ ತಂತಿ ಎಳೆದರು ಎಂದು ಬರೆಯುವ ಅಗತ್ಯವಿಲ್ಲ.

ಹುಣಸೂರಿನಿಂದ ವೈರ್‌ಮನ್ ಸೋಮಯ್ಯ ಬಂದ. ಹೋಲ್ಡರನ್ನು ಕೋಣೆಯ ನಟ್ಟನಡುವೆ, ತೊಲೆಗೆ ತಗುಲಿಸಿ ಹೊರಡಲು ಸಿದ್ಧನಾದ. ಮಂಚ ಇರುವುದು ಗೋಡೆಯ ಪಕ್ಕ. ನಾನು ಬಗ್ಗಿದರೆ ದೀಪ ನನ್ನ ಬೆನ್ನಿಗೆ, ನೆರಳು ಹೆಂಗಸಿನ ಮೇಲೆ. ಇದನ್ನು ಅವನಿಗೆ ಹೇಳಿ ಹೇಳಿ ಗಂಟಲು ಹರಿದುಕೊಂಡೆ.

"ಡ್ರಾಯಿಂಗ್‌ನಲ್ಲಿ ನಡುಮಧ್ಯ ಅಂತ ಅದೆ ಕಣ್ರಮ್ಮ."

"ಡ್ರಾಯಿಂಗ್ ಬರೆದವರು ಹೆರಿಗೆ ಮಾಡಿಸುತ್ತಾರೇನಪ್ಪ?"

ತಲೆ ಕೆರೆದುಕೊಂಡ. ಮಂಚವನ್ನೇ ನಡುವೆ ತಳ್ಳಿ ಅಂದ. ತಳ್ಳಿದರೆ ಬಾಗಿಲು ತೆರೆಯುವುದಿಲ್ಲ. ಕೊನೆಗೆ ಉದ್ದನೆಯ ವೈರು ಹಾಕಿಸಿ, ಮಂಚದ ಮೇಲಕ್ಕೆ ಎಳೆಸಿ, ಕೈಗೆ ಎಟುಕುವಷ್ಟು ಕೆಳಗೆ ಇಳಿಸಿಕೊಂಡೆ. ಈಗ ಹೋಲ್ಡರು ಇದೆ, ವೈರು ಇದೆ, ಗೋಡೆಯ ಮೇಲೆ ಸ್ವಿಚ್ಚೂ ಇದೆ. ಬಲ್ಬು ಮುಂದಿನ ವಾರವಂತೆ. ಕರೆಂಟು ಅದರ ಮುಂದಿನ ವಾರ.

೨೦ ಸೆಪ್ಟೆಂಬರ್, ಸಂಜೆ

ಬಲ್ಬು ಬಂತು. ನೂರು ವಾಟಿನದು. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ, ಕಾಗದ ಸುತ್ತಿ. ಇನ್ನೂ ಉರಿಯುವಂತಿಲ್ಲ. ದೊಡ್ಡಮ್ಮ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಎಣ್ಣೆ ಎಲ್ಲಿ ಉಯ್ಯೋದವ್ವ? ತೂತೇ ಇಲ್ಲ."

ತಮ್ಮನ ಹಳೆಯ ಹೈಸ್ಕೂಲು ವಿಜ್ಞಾನದ ಪುಸ್ತಕ ತೆಗೆದು ಕುಳಿತೆ. ಅದರಲ್ಲಿ ಇರುವುದು ಒಂದೂವರೆ ಪುಟ. ಸಣ್ಣ ತಂತಿಯಲ್ಲಿ ಕರೆಂಟು ನುಗ್ಗುತ್ತದೆ, ತಂತಿ ತಡೆಯುತ್ತದೆ, ಆ ನೂಕಾಟಕ್ಕೆ ಕಾದು ಬೆಳ್ಳಗಾಗುತ್ತದೆ. ಗಾಳಿ ಇದ್ದರೆ ಅಷ್ಟು ಕಾದ ತಂತಿ ಚಣದಲ್ಲಿ ಸುಟ್ಟು ಹೋಗುತ್ತದೆ. ಅದಕ್ಕೇ ಗಾಜಿನ ಬುರುಡೆ, ಅದಕ್ಕೇ ಒಳಗಿನ ಗಾಳಿ ಹೀರಿ ತೆಗೆಯುವುದು. ಈಗಿನ ಬಲ್ಬುಗಳಲ್ಲಿ ಉರಿಯಲು ಬಿಡದ ಬೇರೆ ಯಾವುದೋ ಗ್ಯಾಸ್ ತುಂಬುತ್ತಾರಂತೆ. ಕಂಡುಹಿಡಿದವರು ಪಟ್ಟ ಪಾಡು ಓದಿದರೆ ನಗು ಬರುತ್ತದೆ. ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ವರ್ಷಗಟ್ಟಲೆ ಸಿಕ್ಕಿದ್ದನ್ನೆಲ್ಲ ಸುಟ್ಟು ಇದ್ದಿಲು ಮಾಡಿ ತಂತಿಯ ಬದಲು ಇಟ್ಟು ನೋಡಿದರಂತೆ. ಕಾಗದ, ಹತ್ತಿ ನೂಲು. ಕೊನೆಗೆ ಬಹಳ ಹೊತ್ತು ಬಾಳಿದ್ದು ಬಿದಿರಿನ ಸೀಳು!

ದೊಡ್ಡಮ್ಮ ಕೋಟೆ ತಾಲ್ಲೂಕಿನ ಕಡೆಯವಳು, ಕಾಡಂಚಿನ ಊರು. ಅವಳಿಗೆ ಇದನ್ನು ಸಹಿಸಲಾಗಲಿಲ್ಲ. "ಬಿದಿರು ಬೇಕಾಗಿದ್ರೆ ನಮ್ಮೂರ್ಗೆ ಬರಬೌದಿತ್ತಲ್ಲ ಆ ದೊರೆಗೋಳು. ಕೊಳೀತಾ ಬಿದ್ದದೆ."

"ಈಗ ಬಿದಿರಲ್ಲ ದೊಡ್ಡಮ್ಮ, ಟಂಗ್‌ಸ್ಟನ್ ಅಂತ ಲೋಹ."

"ಅದ್ಯಾಕೆ ಬುಟ್ರು ಬಿದಿರ್ನ?" ಎಂದು ಮುಖ ಊದಿಸಿಕೊಂಡು ಹೋದಳು. ಲಾಟೀನು ಉಜ್ಜಲೇ ಇಲ್ಲ.

೨೮ ಸೆಪ್ಟೆಂಬರ್, ಭಾನುವಾರ

ಹತ್ತಿತು. ನಿನ್ನೆ ಮುಸ್ಸಂಜೆ. ಸ್ವಿಚ್ಚು ಒತ್ತಿದೆ, ಕೋಣೆಯ ಮೂಲೆಮೂಲೆಯೂ ಎದ್ದು ನಿಂತಿತು. ಇಷ್ಟು ವರ್ಷ ಕೆಲಸ ಮಾಡಿದ ಜಾಗ ಇಷ್ಟು ಕೊಳಕಾಗಿದೆ ಎಂದು ಗೊತ್ತಿರಲಿಲ್ಲ. ತೊಲೆಯಲ್ಲಿ ಜೇಡ, ಗೋಡೆಯಲ್ಲಿ ಕಲೆ. ದೊಡ್ಡಮ್ಮನನ್ನು ಬೈಯಬೇಕೆಂದುಕೊಂಡೆ. ಆಗಲಿಲ್ಲ. ಸಂತೋಷಕ್ಕೆ ಅಳು ಬರುವಂತಾಗಿತ್ತು.

ಇವತ್ತು ನೋಡಲು ಊರೇ ಬಂತು. ರಾಚಮ್ಮನೂ ಬಂದಳು. ಪಟೇಲರ ತಾಯಿ ಸುಂದ್ರಮ್ಮನವರೂ ಬಂದರು. ಅವರ ಜಗಲಿಯಲ್ಲೂ ದೀಪ ಹತ್ತಿದೆ, ಆದರೂ ನಮ್ಮದು ದೊಡ್ಡದು ಎಂದು ಯಾರೋ ಚಾಡಿ ಹೇಳಿದ್ದಾರೆ. ಒಳಗೆ ಬೆಂಕಿ ಯಾರು ಹಚ್ಚಿದರು ಎಂದು ಕೇಳಿದರು. ನನಗೆ ಉತ್ಸಾಹ, ಮೇಷ್ಟರ ಹಾಗೆ ನಿಂತು ಪಾಠ ಒಪ್ಪಿಸಿದೆ. ಒಳಗೆ ಗಾಳಿಯಿಲ್ಲ, ಗಾಳಿಯಿಲ್ಲದ ಕಡೆ ಬೆಂಕಿ ಹುಟ್ಟುವುದೇ ಇಲ್ಲ, ಏನೂ ಉರಿಯುತ್ತಿಲ್ಲ, ಬರೀ ಬೆಳಕು. ಎಲ್ಲರೂ ತಲೆಯಾಡಿಸಿದರು. "ಬೆಂಕಿ ಇಲ್ದಿರೋ ದೀಪ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಹೋದರು.

ನಾಳೆ ಆಯುಧಪೂಜೆ. ಕತ್ತರಿ, ಫೋರ್ಸೆಪ್ಸ್, ಸೂಜಿಗಳ ಜೊತೆ ಬಲ್ಬಿಗೂ ಪೂಜೆ ಆಗಬೇಕಂತೆ. ಆಗಲಿ.

೨೯ ಸೆಪ್ಟೆಂಬರ್, ಸೋಮವಾರ

ಹೋಯಿತು. ಒಡೆದು ಹೋಯಿತು.



ಸಾಯಂಕಾಲ ಪೂಜೆ. ಬಲ್ಬು ಹತ್ತಿಸಿಯೇ ಪೂಜೆ ಮಾಡಬೇಕು, ಆರಿದ ದೀಪಕ್ಕೆ ಯಾರಾದರೂ ಕೈಮುಗಿಯುತ್ತಾರೆಯೇ ಎಂದು ಸುಂದ್ರಮ್ಮನವರು. ಸರಿ, ಹತ್ತಿಸಿದೆ. ಮಾತು, ಹಾಡು, ಅದೂ ಇದೂ ಎಂದು ಅರ್ಧ ಗಂಟೆ ಉರಿಯಿತು. ಕತ್ತರಿಗೆ ಕುಂಕುಮ ಇಟ್ಟರು. ನಾನು ಬಾಗಿಲ ಬಳಿ ಸಾಕಮ್ಮನ ಹತ್ತಿರ ಮಾತಾಡುತ್ತಿದ್ದೆ. ಅತ್ತ ಸುಂದ್ರಮ್ಮನವರು ದೇವಸ್ಥಾನದಿಂದ ತಂದ ತೀರ್ಥದಲ್ಲಿ ಮಾವಿನೆಲೆ ಅದ್ದಿ, ಕೈಗೆಟುಕುವಂತೆ ನಾನೇ ಇಳಿಸಿಟ್ಟಿದ್ದ ಬಲ್ಬಿಗೆ ಧಾರಾಳವಾಗಿ ಚಿಮುಕಿಸಿದರು.

ಢಬ್!

ಗಾಜು ಮಂಚದ ತುಂಬ. ಕೋಣೆ ಕತ್ತಲು. ಹೆಂಗಸರು ಚೀರಿದರು. ರಾಚಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹಾಗೇ ಗೋಡೆಗೆ ಒರಗಿದಳು.

"ಕಾದ ಗಾಜಿನ ಮೇಲೆ ನೀರು ಹಾಕುತ್ತಾರೇನ್ರೀ! ಲಾಟೀನು ಗಾಜಿನ ಮೇಲೆ ಹನಿ ಬಿದ್ದರೆ ಏನಾಗುತ್ತದೆ, ಗೊತ್ತಿಲ್ಲವೇ ನಿಮಗೆ?"

"ಲಾಟೀನಲ್ಲಿ ಬೆಂಕಿ ಇರ್ತದೆ ಕಣಮ್ಮ. ನೆನ್ನೆ ನೀನೇ ಅಂದ್ಯಲ್ಲ, ಇದ್ರಲ್ಲಿ ಬೆಂಕಿ ಇಲ್ಲ ಅಂತ." ಸುಂದ್ರಮ್ಮನವರು ಮಾವಿನೆಲೆ ಕೈಯಲ್ಲೇ ಹಿಡಿದು ನಿಂತಿದ್ದರು.

ಬೆಂಕಿ ಇಲ್ಲ ಎಂದದ್ದು ಸುಳ್ಳಲ್ಲ. ತಂತಿ ಕಬ್ಬಿಣ ಕರಗಿಸುವಷ್ಟು ಕಾದಿರುತ್ತದೆ, ಗಾಜೂ ಕಾಯುತ್ತದೆ ಎಂದು ಹೇಳುವುದು ಪಾಠದಲ್ಲಿ ಬಿಟ್ಟುಹೋಗಿತ್ತು. ಸುಡುವುದು ಬೆಂಕಿ ಮಾತ್ರ ಎಂದು ಇವರಿಗೆ ಲೆಕ್ಕ. ನನ್ನ ಅರ್ಧ ಪಾಠಕ್ಕೆ ಬೆಂಕಿ ಬೀಳಲಿ.

೩ ಅಕ್ಟೋಬರ್

ಹುಣಸೂರಿಗೆ ಹೋಗಿ ಬಂದೆ. ಅಂಗಡಿ ಅಂಗಡಿ ತಿರುಗಿದೆ. ಬಲ್ಬು ಇಲ್ಲ. ಯುದ್ಧವಂತೆ, ಹಡಗು ಬರುತ್ತಿಲ್ಲವಂತೆ, ದೇಶದಲ್ಲಿ ಮಾಡಿದ್ದೆಲ್ಲ ಮಿಲಿಟರಿಗಂತೆ. ಗ್ಯಾಸ್‌ಲೈಟ್ ಆದರೂ ಕೊಡಿ ಎಂದರೆ ಅದರೊಳಗೆ ಉರಿಯುವ ಬಲೆ, ಮ್ಯಾಂಟಲ್, ಇಲ್ಲ. ಬಲ್ಬು ಬೇಕೆಂದು ಕಛೇರಿಗೆ ಇಂಡೆಂಟ್ ಬರೆದುಕೊಟ್ಟೆ. ಗುಮಾಸ್ತ ಅದನ್ನು ಇನ್ನೊಂದು ಇಂಡೆಂಟಿನ ಕೆಳಗೆ ಇಟ್ಟ.

ಬಂದರೆ ಇಲ್ಲಿ ಹೊಸ ತಲೆನೋವು. ಸಾಕಮ್ಮ ಸೊಸೆಯನ್ನು ಕರೆತರುವುದಿಲ್ಲವಂತೆ. ಕೆಳಗೇರಿಗೇ ಹೋದೆ.

"ದೀಪ ಒಡ್ದಿರೋ ಜಾಗ ನರ್ಸಮ್ಮ. ಅವಳ ಕಣ್ ಮುಂದೇನೇ ಒಡೀತು. ಅಲ್ಲಿ ಎಂಗೆ ಮನಗ್ಸಲಿ?"

"ಅದು ನೀರು ಬಿದ್ದು ಒಡೆದದ್ದು ಸಾಕಮ್ಮ."

"ಯಾತಕ್ಕಾದ್ರೂ ಒಡೀಲಿ. ಅದೇ ಜಾಗ್ದಲ್ಲಿ ಇನ್ನೊಂದು ದೀಪ ಅತ್ತಲಿ. ನಾನು ನೋಡ್ಬೇಕು. ಆಮೇಲೆ ಬತ್ತೀವಿ. ಇಲ್ದಿದ್ರೆ ಮನೇಲೇ ಆಗ್ಲಿ."

ಮನೆಯಲ್ಲಿ! ಆ ಹೊಗೆ ತುಂಬಿದ ಕೋಣೆಯಲ್ಲಿ, ಒಂದು ಬುಡ್ಡಿ ದೀಪ ಇಟ್ಟುಕೊಂಡು! ರಾಚಮ್ಮ ಒಳಗಿಂದ, "ನಾನು ಬತ್ತೀನಿ ಬುಡಿ ನರ್ಸಮ್ಮ, ಅತ್ತೆ ಅಂಗೇ ಅಂತದೆ" ಎಂದಳು. ಸಾಕಮ್ಮ ಸೊಸೆಯ ಕಡೆ ಒಂದು ನೋಟ ಬಿಟ್ಟಳು, ಅವಳು ಒಲೆಯ ಕಡೆ ತಿರುಗಿಕೊಂಡಳು.

ಈಗ ನನಗೂ ಬಲ್ಬು ಬೇಕು, ಸಾಕಮ್ಮನಿಗೂ ಬಲ್ಬು ಬೇಕು. ಅಷ್ಟರಮಟ್ಟಿಗೆ ನಾವಿಬ್ಬರೂ ಒಂದೇ.

೧೧ ಅಕ್ಟೋಬರ್

ಚಾವಡಿ ಕಂಬದ ಬಲ್ಬು ತೆಗೆಸಿಕೊಳ್ಳೋಣ ಎಂದು ಅರ್ಜಿ ಬರೆದು ಮುಗಿಸಿದ್ದೆ. ಕೋತಿಗಳು ಮುಂಚೆಯೇ ತೆಗೆದಿವೆ. ಹಣ್ಣು ಎಂದುಕೊಂಡು ಕಿತ್ತು, ಕಚ್ಚಿ, ಎಸೆದು ಹೋಗಿವೆ. ಅರ್ಜಿ ಹರಿದುಹಾಕಿದೆ.

ಉಳಿದದ್ದು ಪಟೇಲರ ಜಗಲಿಯದು ಒಂದೇ. ಅರವತ್ತು ವಾಟು. ನಡೆಯುತ್ತದೆ. ಹೋದೆ. ಮಟಮಟ ಮಧ್ಯಾಹ್ನ, ಬಿಸಿಲು ಧಗಧಗ, ಜಗಲಿಯಲ್ಲಿ ಬಲ್ಬು ಉರಿಯುತ್ತಿದೆ!

"ಹಗಲಲ್ಲಿ ಯಾಕೆ ಪಟೇಲರೇ?"

"ಅತ್ತಿಸಿದ ದೀಪ ಕೈಯಾರೆ ಆರಿಸಬಾರದು ಕಣ್ರೀ ನರ್ಸಮ್ಮ. ಎಣ್ಣೆ ದೀಪ ಆದ್ರೆ ಎಣ್ಣೆ ತೀರಿ ತಾನೇ ಶಾಂತಿ ಆಯ್ತದೆ. ಇದು ಆಗೋದೇ ಇಲ್ಲ. ನಾವೇನು ಮಾಡಾನ?"

ಅಂದರೆ ಮೊದಲ ದಿನ ಹತ್ತಿದ್ದು ಇನ್ನೂ ಆರಿಲ್ಲ. ಸ್ವಿಚ್ಚಿಗೆ ಅರಿಶಿನ ಕುಂಕುಮ ಹಚ್ಚಿ, ಮೇಲೆ ಒಂದು ಬಟ್ಟೆ ಕಟ್ಟಿಟ್ಟಿದ್ದಾರೆ, ಯಾರೂ ಮುಟ್ಟದಿರಲಿ ಎಂದು. ಬಲ್ಬಿಗೆ ಸಾವಿರ ಗಂಟೆ ಆಯಸ್ಸು, ಉರಿದಷ್ಟೂ ತಂತಿ ಸವೆಯುತ್ತದೆ, ಸವೆದದ್ದು ಒಳಗಡೆ ಗಾಜಿಗೆ ಮಸಿಯಾಗಿ ಅಂಟುತ್ತದೆ, ನೋಡಿ ಆಗಲೇ ಮೇಲುಗಡೆ ಕಪ್ಪಾಗಿದೆ ಎಂದು ತೋರಿಸಿದೆ. ಹೆರಿಗೆಯಾಗುವ ತನಕ ಕೊಡಿ ಎಂದು ಕೇಳಿದೆ. ಕೈ ಮುಗಿದೆ ಕೂಡ.

ಒಳಗಿಂದ ಸುಂದ್ರಮ್ಮನವರು ಬಂದರು. ಆಯುಧಪೂಜೆಯ ದಿನದಿಂದ ನನ್ನ ಮುಖ ನೋಡಿಲ್ಲ. "ಒಂದು ದೀಪ ನನ್ ಕೈಯಲ್ಲೇ ಓಯ್ತು. ಇದಾದ್ರೂ ನಿಲ್ಲಲಿ ಕಣಮ್ಮ. ದೀಪಾವಳಿ ಆಗೋಗಂಟ ಆರಲ್ಲ ಅಂತ ಹರಕೆ ಕಟ್ಟಿವ್ನಿ."

ಮುದುಕಿಯ ಮೇಲೆ ಕೂಗಾಡುವ ಮನಸ್ಸಾಗಲಿಲ್ಲ. ದೀಪಾವಳಿ ತಾನೇ? ಇನ್ನು ಒಂಬತ್ತು ದಿನ. ಕಾಯುತ್ತೇನೆ.

೨೧ ಅಕ್ಟೋಬರ್

ದೀಪಾವಳಿ ಮುಗಿಯಿತು. ಬೆಳಿಗ್ಗೆಯೇ ಹೋಗಿ ನಿಂತೆ. ಪಟೇಲರು ಹಲ್ಲು ಉಜ್ಜುತ್ತಿದ್ದವರು ಬಾಯಿ ಮುಕ್ಕಳಿಸಿ, "ಕಾರ್ತೀಕ ಶುರುವಾಯ್ತಲ್ಲ ನರ್ಸಮ್ಮ. ಕಾರ್ತೀಕದಲ್ಲಿ ದೀಪ ಆರಿಸ್ತಾರಾ ಯಾರಾದ್ರೂ? ಒಂದು ತಿಂಗಳು" ಎಂದರು.

ರಾಚಮ್ಮನಿಗೆ ಹತ್ತು ಹದಿನೈದು ದಿನ ಉಳಿದಿದೆ. ಅದನ್ನೂ ಹೇಳಿದೆ. "ದೇವ್ರವ್ನೆ ಬುಡಿ" ಎಂದರು. ದೇವರು ಇದ್ದಾನೆ, ಅವನಿಗೂ ಒಂದು ಬಲ್ಬು ಬೇಕಲ್ಲ ನೋಡಲು!

ಮಧ್ಯಾಹ್ನ ಸೋಮಯ್ಯ ಸೈಕಲ್ಲಿನಲ್ಲಿ ಬಂದ. ಬಲ್ಬು ತಂದಿದ್ದಾನೆ! ಎಲ್ಲಿಂದ ಎಂದು ಕೇಳಬೇಡಿ ಎಂದ. ಕೇಳಲಿಲ್ಲ. ಸಣ್ಣದು, ಆದರೂ ಬಲ್ಬು. ಸಾಕಮ್ಮನನ್ನು ಕರೆಸಿದೆ. ಅವಳು ಬಾಗಿಲಾಚೆ ನಿಂತಳು. ಸೋಮಯ್ಯ ಹೋಲ್ಡರಿಗೆ ಹೇಗೋ ಕೂರಿಸಿ, ತಂತಿ ಸುತ್ತಿ, ಸ್ವಿಚ್ಚು ಒತ್ತಿದ. ಜನ್ಮದಲ್ಲಿ ಕಂಡಿರದಷ್ಟು ಬೆಳಕು, ನೀಲಿಬಿಳಿ. ಒಂದು ಚಣ. ಆಮೇಲೆ ಇಲ್ಲ.

ಇಳಿಸಿ ನೋಡಿದರೆ ತಲೆಯ ಮೇಲೆ ೨೪ ವೋಲ್ಟು ಎಂದು ಅಚ್ಚು ಹಾಕಿದೆ. ರೈಲು ಗಾಡಿಯದು. ನಮ್ಮ ಲೈನು ಇನ್ನೂರ ಮೂವತ್ತು ವೋಲ್ಟು. ಅಷ್ಟು ನೂಕಿದರೆ ಆ ಕೂದಲೆಳೆ ತಂತಿ ತಡೆಯುತ್ತದೆಯೇ?

"ಓದ್ಲಿಲ್ಲವೇನಯ್ಯ ಹಾಕೋ ಮುಂಚೆ?"

"ಅವಸರದಲ್ಲಿ ತಂದಿದ್ದು ಕಣ್ರಮ್ಮ..."

ಸಾಕಮ್ಮ ತಿರುಗಿ ಮನೆ ಕಡೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು.

೨೯ ಅಕ್ಟೋಬರ್

ಮಳೆ. ಮೂರು ದಿನದಿಂದ. ಇಂಡೆಂಟಿಗೆ ಉತ್ತರ ಬಂದಿದೆ: ಸಾಧ್ಯವಾದಾಗ ಒದಗಿಸಲಾಗುವುದು. ದೊಡ್ಡಮ್ಮ ತಾನಾಗಿಯೇ ಬೂದಿ ಹಾಕಿ ಲಾಟೀನು ಉಜ್ಜುತ್ತ ಕುಳಿತಿದ್ದಾಳೆ.

೩೧ ಅಕ್ಟೋಬರ್, ಶುಕ್ರವಾರ, ಸಂಜೆ ಐದು

ರಾಚಮ್ಮನಿಗೆ ನೋವು ಶುರು. ಅವಳ ಗಂಡ ಮಾದೇವ ಓಡಿ ಬಂದು ಹೇಳಿದ. ಹೋಗಿ ನೋಡಿದೆ. ಮುಸ್ಸಂಜೆಯ ಹೊತ್ತಿಗೆ ಆಗುತ್ತದೆ, ಮೋಡ ನೋಡಿದರೆ ಅಷ್ಟರೊಳಗೇ ಕತ್ತಲು. ಸಾಕಮ್ಮ ಕದಲುತ್ತಿಲ್ಲ. ದೀಪ ಅತ್ತದಾ ಎಂದು ಕೇಳಿದಳು. ಪಟೇಲರ ದೀಪ ತಂದು ಹತ್ತಿಸುತ್ತೇನೆ ಎಂದು ಹೇಳಿ ಬಂದೆ. ಸೂಜಿ, ದಾರ ಕುದಿಯಲು ಇಟ್ಟಿದ್ದೇನೆ. ಪಟೇಲರ ಮನೆಗೆ ಹೊರಟೆ. ಈ ಸಲ ಕೇಳುವುದಿಲ್ಲ, ತೆಗೆದುಕೊಂಡೇ

೧ ನವೆಂಬರ್, ಶನಿವಾರ

ಬಾಗಿಲು ಹಾಕಿಕೊಂಡು ಕುಳಿತಿದ್ದೇನೆ. ದೊಡ್ಡಮ್ಮ ಒಳಗೆ ನೋಡಿಕೊಳ್ಳುತ್ತಿದ್ದಾಳೆ. ನಿನ್ನೆಯದು ಬರೆದುಬಿಡಬೇಕು.

ತೆಗೆದುಕೊಂಡೇ ಬರುತ್ತೇನೆಂದು ಹೋದವಳು ಬೇಡುತ್ತ ನಿಂತಿದ್ದೆ. ಪಟೇಲರು ಜಗಲಿಗೆ ಅಡ್ಡ. "ಇವತ್ತು ಶುಕ್ರವಾರ ಕಣ್ರೀ. ಅದ್ರಲ್ಲೂ ಮುಸ್ಸಂಜೆ. ಈ ಒತ್ನಲ್ಲಿ ಮೊಸರು ಕೇಳಿದ್ರೂ ಆಚೆ ಕೊಡಲ್ಲ, ಮನೆ ದೀಪ ಕೇಳ್ತೀರಲ್ಲ! ಲಕ್ಷ್ಮೀನೇ ಕಳಿಸ್ದಂಗೆ. ಬೆಳಗ್ಗೆ ಬನ್ನಿ, ಯೋಚ್ನೆ ಮಾಡಾನ."

"ಬೆಳಿಗ್ಗೆಗೆ ಅವಳು ಇರುವುದಿಲ್ಲ ಪಟೇಲರೇ!"

ಕೂಗಿಬಿಟ್ಟೆ. ಆಚೀಚೆ ಮನೆಯವರು ಬಾಗಿಲಿಗೆ ಬಂದರು. ಪಟೇಲರು ಹೆಗಲ ಶಲ್ಯ ಸರಿಮಾಡಿಕೊಂಡು ಬೀದಿಯ ಕಡೆ ನೋಡಿದರು. ನಾನೂ ತಿರುಗಿದೆ.

ಮಳೆಯಲ್ಲಿ ಒಂದು ಹಗ್ಗದ ಮಂಚ ಬರುತ್ತಿತ್ತು. ಮಾದೇವ ಮತ್ತು ಅವನ ದಾಯಾದಿಗಳು ಹೊತ್ತಿದ್ದಾರೆ. ಮೇಲೆ ಗೋಣಿ ಹೊದಿಸಿದೆ. ಮುಂದೆ ಸಾಕಮ್ಮ, ಬರಿಗಾಲಿನಲ್ಲಿ, ತಲೆಯಿಂದ ನೀರು ಸುರಿಯುತ್ತಿದೆ. ಕೆಳಗೇರಿಯವರು ಆ ಬೀದಿಯಲ್ಲಿ ಹಾಗೆ ನಡೆದದ್ದನ್ನು ನಾನು ಕಂಡೇ ಇಲ್ಲ. ನೇರ ಬಂದರು. ಪಟೇಲರ ಸೂರಿನ ಕೆಳಗೆ, ಬಲ್ಬಿನ ಬೆಳಕು ಬೀಳುವ ಕಡೆ, ಮಂಚ ಇಳಿಸಿದರು. ಗೋಣಿಯ ಕೆಳಗೆ ರಾಚಮ್ಮ ಹಲ್ಲು ಕಚ್ಚಿಕೊಂಡು ನರಳುತ್ತಿದ್ದಳು.

"ನಿಮ್ ದೀಪ ಆಚೆ ಬರೋದು ಬ್ಯಾಡ ಬುಡಿ ಬುದ್ಧಿ" ಎಂದಳು ಸಾಕಮ್ಮ. ದನಿ ಏರಿಸಲೇ ಇಲ್ಲ. "ನಿಮ್ ಮನೆ ಲಕ್ಷ್ಮಿ ನಿಮ್ ಮನೇಲೇ ಇರ್ಲಿ. ನಾವೇ ಬಂದಿವಿ. ಇಲ್ಲೇ ಆಗೋಗ್ಲಿ. ನರ್ಸಮ್ಮಾರೂ ಇಲ್ಲೇ ಅವ್ರೆ. ಒಂದೀಟು ಜಗಲಿ ಬುಟ್ಕೊಡಿ."

ಪಟೇಲರ ಮುಖ ನೋಡಬೇಕಿತ್ತು. ಜಗಲಿಯ ಮೇಲೆ ಹೆರಿಗೆ! ಹತ್ತು ದಿನ ಪುರುಡು, ಹತ್ತು ದಿನ ಮನೆಯಲ್ಲಿ ದೇವರ ಪೂಜೆಯಿಲ್ಲ, ಅದೂ ಕೆಳಗೇರಿಯವರದು, ಅದೂ ಕಾರ್ತೀಕದಲ್ಲಿ! "ಏ ಎತ್ರಲೇ! ಎತ್ರೋ ಮಂಚ!" ಎಂದು ಅರಚಿದರು. ಯಾರೂ ಕದಲಲಿಲ್ಲ. ಮಾದೇವ ತಲೆ ತಗ್ಗಿಸಿದ, ಆದರೂ ಅಲ್ಲೇ ನಿಂತಿದ್ದ. ಸಾಕಮ್ಮ ಸೊಸೆಯ ಕಾಲಿನ ಬಳಿ ಕುಳಿತು ಸೀರೆ ಸರಿಸಲು ಕೈ ಹಾಕಿದಳು.

"ಕೊಟ್ಟುಬುಡೋ ಷಣ್ಮುಖ!" ಒಳಗಿಂದ ಸುಂದ್ರಮ್ಮನವರ ಕೂಗು. "ಬಿಚ್ಚಿ ಕೊಟ್ಟು ಕಳ್ಸೋ ಮೊದ್ಲು!"

ಪಟೇಲರು ಬೆಂಚು ಹತ್ತಿ ಬರಿಗೈಯಲ್ಲಿ ಬಲ್ಬಿಗೆ ಕೈ ಹಾಕಿದರು. "ಅಯ್ಯಯ್ಯಪ್ಪಾ!" ಎಂದು ಕೈ ಒದರಿದರು. ನಾನು ಓಡಿ ಸ್ವಿಚ್ಚಿನ ಬಟ್ಟೆ ಕಿತ್ತು ಆರಿಸಿದೆ. ಶಲ್ಯ ಸುತ್ತಿ, ಒತ್ತಿ, ತಿರುಗಿಸಿ ಎಂದೆ. ಬಂತು. ಅವರು ಕೊಟ್ಟದ್ದು ಕರುಣೆಯಿಂದಲ್ಲ, ಹೆದರಿಕೆಯಿಂದ. ನನಗೆ ಯಾವುದಾದರೂ ಆಗಿತ್ತು.

ಮಂಚ ಮುಂದೆ ಓಡಿತು. ನನಗೆ ಓಡುವ ಹಾಗಿಲ್ಲ. ಗಾಜು ಇನ್ನೂ ಸುಡುತ್ತಿದೆ, ಸುತ್ತಲೂ ಮಳೆ. ಒಂದು ಹನಿ ಬಿದ್ದರೆ ಮುಗಿಯಿತು. ಎಡವಿದರೆ ಒಳಗಿನ ತಂತಿ ತುಂಡು. ಶಲ್ಯವನ್ನು ನಾಲ್ಕು ಸುತ್ತು ಸುತ್ತಿ, ಸೆರಗಿನೊಳಗೆ ಎದೆಗೆ ಅವುಚಿಕೊಂಡು, ಕೆಸರಿನಲ್ಲಿ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಬಂದೆ. ದಾರಿಯುದ್ದಕ್ಕೂ ಎಲ್ಲರನ್ನೂ ಬೈದೆ. ಪಟೇಲರನ್ನು, ಗುಮಾಸ್ತನನ್ನು, ಕೋತಿಗಳನ್ನು, ಯುದ್ಧ ಮಾಡುವವರನ್ನು.

ಹಾಕಿದೆ. ಒತ್ತಿದೆ. ಹತ್ತಿತು. ಮಸಿ ಹಿಡಿದ ಬಲ್ಬು, ಮಂಕು ಹಳದಿ ಬೆಳಕು, ಆದರೂ ಬೆಳಕು. ಸಾಕಮ್ಮ ಹೊಸ್ತಿಲಲ್ಲಿ ನಿಂತು ಅದನ್ನು ನೋಡಿದಳು. ಕೈ ಮುಗಿದಳು. "ಮನಗ್ಸಿ" ಎಂದಳು.

ಆಮೇಲಿನದು ಬೇಗ ಆಯಿತು. ಹೆಣ್ಣು. ಹುಟ್ಟಿದ ತಕ್ಷಣ ಕೂಗಿತು, ಒಳ್ಳೆಯ ಗಟ್ಟಿ ಕೂಗು. ಡಾಕ್ಟರು ಹೇಳಿದ ಹಾಗೇ ರಕ್ತವೂ ಬಂತು. ಬಗ್ಗಿದೆ. ಕಂಡಿತು. ಎಡಗಡೆ, ನನ್ನ ಕಿರುಬೆರಳಿನಷ್ಟು ಉದ್ದದ ಸೀಳು. ಅಷ್ಟೇ! ಮೂರು ಹೊಲಿಗೆ. ನಿಂತಿತು. ಹೋದ ಸಲ ಕತ್ತಲೆಯಲ್ಲಿ ಮುಷ್ಟಿ ಒತ್ತಿಕೊಂಡು ಕುಳಿತದ್ದು ಇಷ್ಟಕ್ಕೆ. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ದೊಡ್ಡಮ್ಮ ನನ್ನ ಬೆನ್ನು ಸವರಿದಳು.

ಮಗುವನ್ನು ಒರೆಸಿ ರಾಚಮ್ಮನ ಪಕ್ಕ ಮಲಗಿಸಿದೆವು. ತಿರುಗಿ ನೋಡಿದವಳು ನೋಡುತ್ತಲೇ ಇದ್ದಳು. ಬೆರಳಿನಿಂದ ಹುಬ್ಬು ಮುಟ್ಟಿದಳು, ತುಟಿ ಮುಟ್ಟಿದಳು.

"ಇಂಗಿರ್ತವಾ?" ಎಂದಳು.

ನನಗೆ ತಿಳಿಯಲಿಲ್ಲ.

"ಆ ಎಲ್ಡರ ಮೊಕ ನಾನು ನೋಡ್ನೇ ಇಲ್ಲ ನರ್ಸಮ್ಮ. ಕತ್ಲೇಲಿ ಪಕ್ಕದಲ್ಲಿ ಮನಗ್ಸಿದ್ರು. ಕತ್ಲೇಲೇ ಎತ್ಕೊಂಡೋದ್ರು. ನೀವು ನೋಡಿದ್ರಲ್ಲ. ಎಂಗಿದ್ವು?"

ಮೂಲೆಯಲ್ಲಿದ್ದ ಸಾಕಮ್ಮ ಗೋಡೆಯ ಕಡೆ ತಿರುಗಿಕೊಂಡಳು.

ಮೊದಲನೆಯದನ್ನು ನೋಡಿದ್ದೆ. ಗಂಡು. ತಲೆ ತುಂಬ ಕೂದಲು, ಗಲ್ಲದಲ್ಲಿ ಸಣ್ಣ ಗುಳಿ. ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದಳು. "ಇನ್ನೊಂದು?" ಎಂದಳು.

ಇನ್ನೊಂದನ್ನು ನಾನೂ ನೋಡಿಲ್ಲ. ಅದಕ್ಕೂ ಕೂದಲು ತುಂಬ ಇತ್ತು ಎಂದೆ. ಮೂಗು ನಿನ್ನದೇ ಎಂದೆ. ಕಣ್ಣು, ಬೆಳಕಿನಲ್ಲಿ ಮಲಗಿದ್ದ ಈ ಮಗುವನ್ನು ನೋಡಿಕೊಂಡು, ಇದರ ಹಾಗೇ ಎಂದೆ.